ಸೋಮವಾರದ ಎಣ್ಣೆ

ತನಗೆ ತಿಳಿಯದ ಕೆಲಸಕ್ಕೆ ತಲೆ ಕೊಟ್ಟವನ ಮನೆಯನ್ನು ನಗೆಪಾಟಲು ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಗಂತೂ ಅದು ಗುಂಡ್ಲುಪೇಟೆಯ ಸಂತೆಯ ಹಾಗೆ, ತಪ್ಪದೆ ಬಂದಿದೆ. ನಾನು ಓದಿದ್ದು ಊರಿನ ಶಾಲೆಯಲ್ಲಿ. ಎದ್ದು ಹಸು ಕರೆಯುವುದು, ಸ್ನಾನ, ವಿಭೂತಿ, ಮಾದಪ್ಪನ ಪೂಜೆ, ಆಮೇಲೆ ಹೊಲ. ಭೀಮನಬೀಡಿನಲ್ಲಿ ಇಷ್ಟರಲ್ಲೇ ನೆಮ್ಮದಿಯಾಗಿದ್ದವನಿಗೆ, ಎರಡು ಸಾವಿರದ ಇಸವಿ ದಾಟಿದ ಕೆಲವು ವರ್ಷಕ್ಕೆ, ಜೈವಿಕ ಇಂಧನ ಎನ್ನುವುದು ಬಂದು ಗಂಟುಬಿತ್ತು. ಆ ಕಾಲದಲ್ಲಿ ನಡೆದದ್ದರಲ್ಲಿ ಅರ್ಧ ನನಗೆ ಆಗಲೇ ಅರ್ಥವಾಗಲಿಲ್ಲ. ಮಿಕ್ಕರ್ಧ ಅರ್ಥವಾಯಿತು ಎಂದುಕೊಂಡಿದ್ದೆ, ಅದೂ ತಪ್ಪಾಗಿತ್ತು.

ಊರಲ್ಲಿ ಇಲ್ಲದ ಕಸ

ಚಾಮರಾಜನಗರದಲ್ಲಿ ರೈತರಿಗೊಂದು ಸಭೆ ಏರ್ಪಾಡಾಗಿತ್ತು. ಮಧ್ಯಾಹ್ನ ಊಟವೂ ಉಂಟು ಎಂದು ಹೇಳಿದ್ದರಿಂದ ನಮ್ಮೂರಿನ ಕೆಲವರು ಹೋದೆವು. ಮೈಸೂರಿನ ಒಂದು ಕಾಲೇಜಿನಿಂದ ಬಂದಿದ್ದ ಚಿಕ್ಕ ವಯಸ್ಸಿನ ಸಾರ್ ಒಬ್ಬರು ಬಹಳ ಉತ್ಸಾಹದಿಂದ ಮಾತಾಡಿದರು. ಬೆಳೆ ತೆಗೆದ ಮೇಲೆ ಉಳಿಯುವ ತ್ಯಾಜ್ಯವನ್ನು ಗಾಳಿ ಆಡದ ಹಾಗೆ ಮುಚ್ಚಿ ಬೇಯಿಸಿದರೆ ಹೊಗೆ ಬರುತ್ತದಂತೆ, ಆ ಹೊಗೆಯನ್ನು ತಣಿಸಿದರೆ ಎಣ್ಣೆಯಾಗುತ್ತದಂತೆ, ಆ ಎಣ್ಣೆಯಲ್ಲಿ ಇಂಜಿನ್ನೇ ಓಡುತ್ತದಂತೆ.

"ನಿಮ್ಮೂರಲ್ಲಿ ಯಾವ ಯಾವ ತ್ಯಾಜ್ಯ ಇದೆ ಹೇಳಿ" ಎಂದರು.

ಆಮೇಲೆ ತಾವೇ ಒಂದೊಂದಾಗಿ ಕೇಳುತ್ತಾ ಹೋದರು.

"ರಾಗಿ ಹುಲ್ಲು?"

"ಅದು ದನಕ್ಕ ಸಾ."

"ಹತ್ತಿ ಕಡ್ಡಿ?"

"ಅನ್ನ ಬೇಯ್ಬೇಕಲ್ಲ ಸಾ, ಒಲಿಗೆ."

"ಕಡಲೆಕಾಯಿ ಸಿಪ್ಪೆ? ಸೂರ್ಯಕಾಂತಿ ಕಡ್ಡಿ?"

"ಸಿಪ್ಪೆ ತಿಪ್ಪೆಗೆ, ಗೊಬ್ರ ಆಯ್ತದ. ಕಡ್ಡಿ ಬೇಲಿಗೆ."

ಸಾರ್ ಬೆವರು ಒರೆಸಿಕೊಂಡರು. "ಹಾಗಾದರೆ ನಿಮ್ಮೂರಲ್ಲಿ ಯಾವ ಉಪಯೋಗಕ್ಕೂ ಬಾರದೇ ಇರೋದು ಏನೂ ಇಲ್ವಾ?"

ಹಿಂದಿನ ಸಾಲಿನವನೊಬ್ಬ ತನ್ನ ಪಕ್ಕದವನನ್ನು ಎಬ್ಬಿಸಿ ನಿಲ್ಲಿಸಿ, "ಇವ್ನೊಬ್ಬ ಅವ್ನೆ ಸಾ, ಕರ್ಕಂಡೋಗಿ" ಎಂದ.

ಸಭೆಗೆ ಸಭೆಯೇ ನಕ್ಕಿತು. ಆ ಸಾರ್ ಮುಖ ನೋಡಿ ನನಗೆ ಮರುಕವಾಯಿತು. ಏನೋ ಒಳ್ಳೆಯದು ಮಾಡಲು ಬಂದವರು ಬರಿಗೈಲಿ ಹೋಗಬಾರದು. ಎದ್ದು ನಿಂತು, "ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು ರಾಶಿ ರಾಶಿ ಬಿದ್ದಾವೆ ಸಾರ್, ನಾನು ಕೊಡಿಸ್ತೀನಿ" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಊರಿಗೆ ಬಂದು ಅರಳಿಕಟ್ಟೆಯ ಮೇಲೆ ನಿಂತು, "ದಿಂಡು ಕೊಡಿ, ನಮ್ಮೂರ ಹಿಟ್ಟಿನ ಮಿಲ್ಲು ಕರೆಂಟಿಗೂ ಕಾಯದೆ, ಪೇಟೆಯಿಂದ ಬರೋ ಡೀಸೆಲ್‌ಗೂ ಕಾಯದೆ ಓಡೋ ಹಾಗೆ ಮಾಡ್ತೀನಿ, ಮಾದಪ್ಪನಾಣೆ" ಎಂದೆ. ಗಂಡಸರೆಲ್ಲ ಒಂದೇ ಮಾತಿಗೆ ಒಪ್ಪಿದರು.

ಒಪ್ಪದೆ ಏನು? ಆ ದಿಂಡು ಉರಿಯುತ್ತಿದ್ದದ್ದು ಬಚ್ಚಲಮನೆಯ ಹಂಡೆ ಒಲೆಯಲ್ಲಿ. ಹಂಡೆ ಒಲೆಯ ಮುಂದೆ ಕೂರುತ್ತಿದ್ದವರು ಹೆಂಗಸರು.

ನಮ್ಮ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಊರೋರ ಮನೆ ದಿಂಡ್ನೆಲ್ಲ ದಾನ ಮಾಡ್ಬುಟ್ಟು ಬಂದ್ರಂತಲ್ಲ, ನಾಳಿಂದ ಅಂಡೆ ಒಲಿಗೆ ನಿಮ್ಮ ಭಾಸಣ ಆಕ್ಲಾ?"

"ಸ್ವಲ್ಪ ದಿನ ಕಣಮ್ಮಿ. ಮಿಲ್ಲು ಓಡಲಿ..."

"ಆ ಮಿಲ್ಲು ಓಡಗಂಟ ನಿಮಗ ತಣ್ಣೀರೇಯ" ಎಂದಳು.

ಅದು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಕಾಲ. ಮಾರನೆಯ ದಿನ ಮೊದಲ ಚೊಂಬು ಬೆನ್ನಿನ ಮೇಲೆ ಬಿದ್ದಾಗ ನಾನು "ಉಘೇ ಮಾದಪ್ಪಾ" ಎಂದು ಕೂಗಿದ ಕೂಗಿಗೆ, ನಮ್ಮ ಮನೆಯಲ್ಲಿ ಯಾರಿಗೋ ಮೈಮೇಲೆ ದೇವರು ಬಂದಿದೆ ಎಂದು ಪಕ್ಕದ ಮನೆಯವರು ಕೈ ಮುಗಿದುಕೊಂಡು ಬಂದರು.

ಭಟ್ಟಿ

ಬಾವಿಯ ಪಕ್ಕದಲ್ಲಿದ್ದ ನಮ್ಮ ಹಳೆಯ ಕೊಟ್ಟಿಗೆಯಲ್ಲಿ ಸಾರ್ ಮಷೀನು ಕೂರಿಸಿದರು. ಕೆಳಗೊಂದು ಒಲೆ, ಒಲೆಯ ಮೇಲೆ ಬಾಯಿ ಬಿಗಿದ ಕಬ್ಬಿಣದ ಡ್ರಮ್ಮು, ಡ್ರಮ್ಮಿನಿಂದ ಹೊರಟ ಒಂದು ಕೊಳಾಯಿ. ಆ ಕೊಳಾಯಿ ಪಕ್ಕದ ನೀರಿನ ತೊಟ್ಟಿಯೊಳಗೆ ಹಾವಿನ ಹಾಗೆ ಸುತ್ತಿಕೊಂಡು ಮುಳುಗಿ, ಕೊನೆಗೆ ಒಂದು ಕ್ಯಾನಿನ ಮೇಲೆ ಬಾಯಿ ತೆರೆಯುತ್ತಿತ್ತು. ತಣಿಯದೆ ಉಳಿದ ಗ್ಯಾಸನ್ನು ತಿರುಗಿ ಒಲೆಗೇ ಬಿಡುವ ಏರ್ಪಾಟೂ ಇತ್ತು.

ಇಷ್ಟು ವಿವರ ಓದಿದವರಿಗೆ ಏನು ನೆನಪಾಯಿತೋ ನಮ್ಮೂರಿನವರಿಗೂ ಅದೇ ನೆನಪಾಯಿತು. ಈರುಳ್ಳಿಯನ್ನು ಕೂಡ ಸೋಮವಾರ ಮುಟ್ಟದ ನಾನು, ಕೊಟ್ಟಿಗೆಯಲ್ಲಿ ಸಾರಾಯಿ ಭಟ್ಟಿ ಹೂಡಿದ್ದೇನೆ ಎಂದು ಸುದ್ದಿಯಾಯಿತು. ನನ್ನನ್ನು ಕಂಡರೆ ದೂರದಿಂದಲೇ ದಾರಿ ಬಿಡುತ್ತಿದ್ದ ಊರಿನ ಒಬ್ಬ ಕುಡುಕ ಅಂದು ಲೋಟ ಹಿಡಿದುಕೊಂಡು ಬಂದು, ವಿನಯದಿಂದ ಕೊಟ್ಟಿಗೆಯ ಹೊರಗೆ ಕುಕ್ಕರುಗಾಲಲ್ಲಿ ಕೂತ.

"ಇದು ಕುಡಿಯೋದಲ್ಲ ಕಣಪ್ಪ" ಎಂದೆ.

"ಆಯ್ತು ಬುಡಿ ಅಣ್ಣಾರೆ, ನಾನ್ಯಾಕ ಯಾರಿಗಾರ ಏಳ್ಲಿ" ಎಂದು ಕಣ್ಣು ಮಿಟುಕಿಸಿದ.

ನಾನು ಒಲೆಗೆ ಸೌದೆ ಒಟ್ಟಲು ಬಗ್ಗಿದ್ದೇ ತಡ, ಕೊಳಾಯಿಯ ಬಾಯಿಗೆ ಬೆರಳು ಹಿಡಿದು ನೆಕ್ಕಿಬಿಟ್ಟ. ಆ ಎಣ್ಣೆ ಎಂದರೆ ಹುಳಿ, ಕಹಿ, ಸುಟ್ಟ ಕಟ್ಟಿಗೆಯ ಘಾಟು ಮೂರೂ ಕೂಡಿದ ಒಂದು ವಸ್ತು. ಅವನ ಮುಖ ಎಷ್ಟು ಬಗೆಯಾಗಿ ತಿರುಗಬಹುದೋ ಅಷ್ಟು ಬಗೆಯಾಗಿ ತಿರುಗಿತು. ಬಾವಿಕಟ್ಟೆಗೆ ಓಡಿ ಬಾಯಿ ತೊಳೆದವನು, ಲೋಟವನ್ನು ಅಲ್ಲೇ ಬಿಟ್ಟು ಹೋದ. ಆಮೇಲೆ ಬಹಳ ದಿನ ಅವನಿಗೆ ಯಾವ ಬಾಟಲಿಯ ಮುಚ್ಚಳ ತೆರೆದರೂ ಅದೇ ವಾಸನೆ ಬರುತ್ತಿತ್ತಂತೆ.

ವಾರದ ಮೇಲೆ ಅವನ ಹೆಂಡತಿ ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಊದುಕಡ್ಡಿ ಇಟ್ಟುಕೊಂಡು ಬಂದು, ಡ್ರಮ್ಮಿಗೆ ಕುಂಕುಮ ಹಚ್ಚಿ ಅಡ್ಡಬಿದ್ದಳು. ನಮ್ಮ ಜೈವಿಕ ಇಂಧನದಿಂದ ಊರಿಗೆ ಆದ ಮೊದಲನೆಯ ಉಪಕಾರ ಅದು.

ತೆರಕಣಾಂಬಿಯ ಹತ್ತಿರ ನಿಂತ ಬಸ್ಸು

ಸಾರ್ ಚಾಮರಾಜನಗರಕ್ಕೆ ಬಂದವರು ಒಂದು ಕ್ಯಾನ್ ಎಣ್ಣೆ ತನ್ನಿ, ಪರೀಕ್ಷೆ ಮಾಡಿಸಬೇಕು ಎಂದು ಹೇಳಿಕಳಿಸಿದರು. ಕ್ಯಾನಿಗೆ ಟವೆಲು ಸುತ್ತಿ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತೆ. ತೆರಕಣಾಂಬಿ ಇನ್ನೂ ಬಂದಿರಲಿಲ್ಲ, ಡ್ರೈವರ್ ಬಸ್ಸು ನಿಲ್ಲಿಸಿದ.

"ಏನೋ ಸುಟ್ಟ ವಾಸ್ನೆ. ಎಲ್ರೂ ಇಳೀರಿ, ಇಳೀರಿ!"

ಎಲ್ಲರೂ ದಡಬಡ ಇಳಿದರು. ನಾನೂ ಇಳಿದೆ. ಬೆಂಕಿ ಹತ್ತಿಕೊಳ್ಳುವುದಾದರೆ ಎಣ್ಣೆಯನ್ನು ಒಳಗೆ ಬಿಡಬಾರದು ಎಂಬ ಬುದ್ಧಿಯಿಂದ ಕ್ಯಾನನ್ನು ಎದೆಗೆ ಅವಚಿಕೊಂಡೇ ಇಳಿದೆ. ಡ್ರೈವರ್ ಬಾನೆಟ್ ತೆಗೆದ. ಏನಾಗಿದೆಯೋ ಪಾಪ ಎಂದು ನಾನೂ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ.

"ಇಲ್ಲೇ ಅದ ವಾಸ್ನೆ" ಎಂದ ಅವನು.

ಮುಂದಿನ ಗಾಲಿಯ ಹತ್ತಿರ ಹೋದ. ನಾನೂ ಹೋದೆ. "ಇಲ್ಲೂ ಅದ." ಹಿಂದಿನ ಗಾಲಿಗೆ ಹೋದೆವು. "ಅಯ್ಯೋ, ಇಲ್ಲೂ ಅದಲ್ಲ! ಏನ್ಲಾ ಇದು, ಇಡೀ ಬಸ್ಸೇ ಬೇಯ್ತಾ ಅದಾ?" ಡೀಸೆಲ್ ಟ್ಯಾಂಕಿನ ಕೆಳಗೆ ಅವನು ಅಂಗಾತ ಮಲಗಿದಾಗ ನಾನು ಪಕ್ಕದಲ್ಲಿ ಕೂತು, "ಏನಾದ್ರೂ ಕಾಣ್ತದಾ ಅಪ್ಪಾ?" ಎಂದು ವಿಚಾರಿಸಿದೆ.

ಕಂಡಕ್ಟರ್ ಅಷ್ಟು ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವನು, "ಯಜಮಾನ್ರೆ, ಆ ಟವಲ್ಲಲ್ಲಿ ಏನದು?" ಎಂದ.

ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ. ದಿನಾ ಆ ಹೊಗೆಯಲ್ಲೇ ಇರುವವನಿಗೆ ಅದು ವಾಸನೆ ಎಂದೇ ಅನಿಸುತ್ತಿರಲಿಲ್ಲ.

"ಇಂಧನ ಕಣಪ್ಪ. ಮುಂದೊಂದು ಕಾಲಕ್ಕೆ ನಿಮ್ಮ ಬಸ್ಸೂ ಇದ್ರಲ್ಲೇ ಓಡ್ತದಂತೆ."

ಡ್ರೈವರ್ ಬಸ್ಸಿನ ಕೆಳಗಿನಿಂದಲೇ ಹೇಳಿದ: "ಆ ಕಾಲ ಬಂದಾಗ ಅತ್ಕಳಿ. ಈಗ ನಡ್ಕಂಡು ಬನ್ನಿ."

ದಲ್ಲಾಳಿ

ಎಣ್ಣೆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ನೀರು ಜಾಸ್ತಿ, ಹುಳಿ ಜಾಸ್ತಿ, ಮಂದ ಜಾಸ್ತಿ. ಇಂಜಿನ್ನಿಗೆ ಹಾಕಿದರೆ ಬೆಲ್ಲದ ಪಾಕದ ಹಾಗೆ ಕಚ್ಚಿಕೊಳ್ಳುತ್ತದೆ ಎಂದರು ಸಾರ್. ಅದಕ್ಕೆ ಮದ್ದು ಎಂದು ಬಿಳಿಯ ಮಣಿಗಳ ಒಂದು ಚೀಲ ತಂದರು. ಡ್ರಮ್ಮಿಗೂ ತೊಟ್ಟಿಗೂ ನಡುವೆ ಒಂದು ಡಬ್ಬಿ ಕೂರಿಸಿ, ಅದರಲ್ಲಿ ಈ ಮಣಿ ತುಂಬಿ, ಹೊಗೆ ಅದರ ಮೂಲಕವೇ ಹಾಯುವ ಹಾಗೆ ಮಾಡಿದರು. ವೇಗವರ್ಧಕ ಎಂದರು. ಕ್ಯಾಟಲಿಸ್ಟು ಎಂದೂ ಅಂದರು. ದಪ್ಪ ಹೊಗೆ ಇದನ್ನು ಸವರಿಕೊಂಡು ಹೋಗುವಾಗ ಒಡೆದು ಹಗುರವಾಗುತ್ತದಂತೆ, ಹುಳಿ ಬಿಡುತ್ತದಂತೆ.

"ಅಂದರೆ ಇದು ಖರ್ಚಾಗ್ತಾ ಹೋಗ್ತದಾ ಸಾರ್?"

"ಇಲ್ಲ, ಹಾಗೇ ಇರುತ್ತೆ."

"ಬದಲಾಗ್ತದಾ?"

"ಇಲ್ಲ."

"ಮತ್ತೆ ಇದು ಕೆಲಸ ಮಾಡ್ತು ಅಂತ ಗೊತ್ತಾಗೋದು ಹೇಗೆ?"

"ಇದು ಇಲ್ಲದೆ ಹೋದ್ರೆ ಕೆಲಸ ಆಗಲ್ಲ, ಅದರಿಂದ ಗೊತ್ತಾಗುತ್ತೆ."

ನಾನು ಬಹಳ ಹೊತ್ತು ಯೋಚಿಸಿದೆ. ಖರ್ಚಾಗುವುದಿಲ್ಲ, ಬದಲಾಗುವುದಿಲ್ಲ, ತಾನು ಮಾಡಿದೆ ಎಂದು ತೋರಿಸಿಕೊಳ್ಳುವುದಿಲ್ಲ, ತಾನಿಲ್ಲದೆ ಏನೂ ನಡೆಯುವುದಿಲ್ಲ. "ಸಾರ್, ಇದನ್ನೇ ಅಲ್ವಾ ನಾವು ದೇವರು ಅನ್ನೋದು?" ಎಂದೆ.

ಸಾರ್ ಗಾಬರಿಯಾದರು. "ಇಲ್ಲ ಇಲ್ಲ, ಹಾಗೆಲ್ಲ ತಗೋಬೇಡಿ" ಎಂದು, ಇನ್ನೊಂದು ಹೋಲಿಕೆ ಹುಡುಕುತ್ತೇನೆ ಎಂದರು.

ಹೋಲಿಕೆ ಸಿಕ್ಕಿದ್ದು ಗುಂಡ್ಲುಪೇಟೆಯಲ್ಲಿ. ಕೊಳಾಯಿಗೆ ನಟ್ಟು ಬೋಲ್ಟು ತರಲು ಇಬ್ಬರೂ ಹೋಗಿದ್ದೆವು. ಕೇರಳದ ಲಾರಿಗಳಿಗೆ ಈರುಳ್ಳಿ ಏರುತ್ತಿತ್ತು. ದಲ್ಲಾಳಿಯೊಬ್ಬ ದರ ಗುಟ್ಟಾಗಿರಲೆಂದು ಟವೆಲಿನ ಕೆಳಗೆ ಕೈ ಇಟ್ಟು ಮೊದಲು ರೈತನ ಬೆರಳು ಹಿಡಿದ, ಆಮೇಲೆ ಕೊಳ್ಳುವವನ ಬೆರಳು ಹಿಡಿದ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ವ್ಯಾಪಾರ ಮುಗಿಯಿತು.

"ನೋಡಿ ಯಜಮಾನ್ರೆ!" ಎಂದು ಸಾರ್ ನನ್ನ ತೋಳು ಹಿಡಿದರು. "ಈರುಳ್ಳಿ ಅವನದಲ್ಲ, ಲಾರಿ ಅವನದಲ್ಲ. ಅವನಿಲ್ಲದಿದ್ರೆ ಇವರಿಬ್ಬರೂ ಸಾಯಂಕಾಲದವರೆಗೂ ಜಗಳ ಆಡ್ತಿದ್ರು. ಈಗ ಕೆಲಸ ಆಯ್ತು, ಅವನು ಮಾತ್ರ ಬಂದ ಹಾಗೇ ಇದ್ದಾನೆ. ಅದೇ ಕ್ಯಾಟಲಿಸ್ಟು."

"ಬಂದ ಹಾಗೇ ಎಲ್ಲಿ ಸಾರ್? ಕಮಿಷನ್ ಹಿಡೀತಾನಲ್ಲ."

ಸಾರ್ ತಲೆ ಕೆರೆದುಕೊಂಡರು. "ಅದೂ ಸರಿನೇ. ಇದೂ ಸ್ವಲ್ಪ ಮಸಿ ಹಿಡಿಯುತ್ತೆ. ಆಗಾಗ ಬೆಂಕಿಗೆ ಹಾಕಿ ಚೆನ್ನಾಗಿ ಸುಟ್ಟರೆ ಮತ್ತೆ ಬೆಳ್ಳಗಾಗುತ್ತೆ."

ತನ್ನನ್ನೇ ತೋರಿಸಿ ಮಾತಾಡುತ್ತಿದ್ದಾರೆಂದು ಹತ್ತಿರ ಬಂದಿದ್ದ ದಲ್ಲಾಳಿ ಕೊನೆಯ ಮಾತಷ್ಟನ್ನು ಕೇಳಿಸಿಕೊಂಡ. "ಬ್ಯಾಡಿ ಸಾ," ಎಂದು ಎರಡು ಹೆಜ್ಜೆ ಹಿಂದೆ ಸರಿದ, "ಬೇಕಾರ ಕಮಿಸನ್ ಕಮ್ಮಿ ಮಾಡ್ಕತೀನಿ."

ದೇವರಮನೆಯಲ್ಲಿದ್ದದ್ದು

ಉಳಿದ ಮಣಿಗಳಿಗೆ ತೇವ ತಾಕಬಾರದು, ಯಾರೂ ಮುಟ್ಟಬಾರದು, ಜೋಪಾನ ಎಂದಿದ್ದರು ಸಾರ್. ನಮ್ಮ ಮನೆಯಲ್ಲಿ ತೇವ ತಾಕದ, ಯಾರೂ ಮುಟ್ಟದ ಜಾಗ ಎಂದರೆ ದೇವರಮನೆ. ಹಿತ್ತಾಳೆ ಬಟ್ಟಲಲ್ಲಿ ಸುರಿದು ಮಾದಪ್ಪನ ಪಟದ ಮುಂದೆ, ದೀಪದ ಪಕ್ಕದಲ್ಲಿ ಇಟ್ಟೆ.

ಪುಣಜನೂರಿನಿಂದ ನನ್ನ ಹೆಂಡತಿಯ ತಮ್ಮ ಬಂದ. ಕಾಲು ತೊಳೆದುಕೊಂಡು ನೇರ ದೇವರಮನೆಗೆ ಹೋಗಿ ಕೈ ಮುಗಿದ. ದೀಪದ ಪಕ್ಕ ಬಟ್ಟಲಲ್ಲಿ ಇರುವುದು ಪ್ರಸಾದವಲ್ಲದೆ ಇನ್ನೇನು? ಒಂದು ಮಣಿ ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಆ ಮಣಿಗೆ ನೀರೆಂದರೆ ಬಲು ದಾಹ. ನಾಲಿಗೆಯ ಪಸೆಯನ್ನೆಲ್ಲ ಹೀರಿಕೊಂಡು ಅಲ್ಲೇ ಅಂಟಿಕೊಂಡಿತು.

"ಬಾವಾ! ಯಾವ ದ್ಯಾವ್ರುದು ಇದು? ನಾಲ್ಗ ಬುಡ್ತಾನೇ ಇಲ್ಲ, ಬಿಸಿ ಬ್ಯಾರೆ ಆಯ್ತಾ ಅದ!"

ನಾನು ಓಡಿಹೋಗುವಷ್ಟರಲ್ಲಿ ಅವನ ಅಕ್ಕ ಚೊಂಬು ನೀರು ಕೊಟ್ಟಾಗಿತ್ತು, ಮಣಿ ಒಳಗೆ ಹೋಗಿತ್ತು. ಮಿಲ್ಲಿಗೆ ಓಡಿ ಅಲ್ಲಿನ ಫೋನಿನಿಂದ ಮೈಸೂರಿಗೆ ಸಾರ್‌ಗೆ ಮಾಡಿದೆ. ಬಾಮೈದನೂ ಬೆವರುತ್ತಾ ಹಿಂದೆಯೇ ಬಂದ.

ಎಷ್ಟು ಮಣಿ ನುಂಗಿದ್ದು ಎಂದು ಮೊದಲು ಕೇಳಿಕೊಂಡರು. ಆಮೇಲೆ ಸಾರ್ ಹೇಳಿದರು: "ಹೊಟ್ಟೆ ನೋವು ಬಂದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಬರಲ್ಲ, ಹೆದರಬೇಡಿ. ಅದು ವೇಗವರ್ಧಕ ಅಲ್ವಾ ಯಜಮಾನ್ರೆ? ಹೋದ ಹಾಗೇ ಬರುತ್ತೆ."

ವಾರಕ್ಕೆ ಎರಡು ದಿನ

ಮಣಿ ಹಾಕಿದ ಮೇಲೆ ಎಣ್ಣೆ ಸುಧಾರಿಸಿತು, ಆದರೆ ದಿನಾ ಅಲ್ಲ. ಕೆಲವು ದಿನ ತೆಳ್ಳಗೆ, ಜೇನಿನ ಬಣ್ಣಕ್ಕೆ, ಕ್ಯಾನು ತುಂಬ ಬರುತ್ತಿತ್ತು. ಕೆಲವು ದಿನ ಮತ್ತೆ ಅದೇ ಕಪ್ಪು ಪಾಕ, ತೊಟ್ಟು ತೊಟ್ಟಾಗಿ. ಅಂಥ ದಿನ ಒಲೆ ಮಾತ್ರ ಭುಗಿಲೆಂದು ಉರಿಯುತ್ತಿತ್ತು. ಸಾರ್ ಮಣಿ ಹೆಚ್ಚು ಹಾಕಿ ನೋಡಿದರು, ಕಡಿಮೆ ಹಾಕಿ ನೋಡಿದರು, ಮಸಿ ಸುಟ್ಟು ನೋಡಿದರು, ದಿಂಡನ್ನು ಪುಡಿ ಮಾಡಿ ನೋಡಿದರು. ಕೊನೆಗೆ ಒಂದು ದಿನ ಬಹಳ ಸಂಕೋಚದಿಂದ ಹೇಳಿದರು:

"ಯಜಮಾನ್ರೆ, ಒಳ್ಳೇ ಎಣ್ಣೆ ಬರೋದು ಸೋಮವಾರ, ಶುಕ್ರವಾರ ಮಾತ್ರ."

"ಬರದೆ ಏನು ಸಾರ್? ಸೋಮವಾರ ಮಾದಪ್ಪನ ದಿನ, ಶುಕ್ರವಾರ ಮನೆ ಲಕ್ಷ್ಮಿ ದಿನ."

"ವಿಜ್ಞಾನಕ್ಕೆ ವಾರ ಇಲ್ಲ ಯಜಮಾನ್ರೆ."

ಇಲ್ಲಿ ನನ್ನ ದಿನಚರಿ ಹೇಳಬೇಕು. ನಸುಕಿನಲ್ಲಿ ಡ್ರಮ್ಮಿಗೆ ದಿಂಡು ತುಂಬಿ, ಬಾಯಿ ಬಿಗಿದು, ಒಲೆ ಹಚ್ಚಿಬಿಟ್ಟರೆ ಅದರ ಪಾಡಿಗೆ ಅದು ಬೇಯುತ್ತಿತ್ತು. ನಾನು ಮನೆಗೆ ಬಂದು ಹಸು ಕರೆದು, ಹೂ ಬಿಡಿಸಿ, ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದೆ. ಬೇರೆ ದಿನ ಪೂಜೆ ಚಿಕ್ಕದು, ಬೇಗ ಕೊಟ್ಟಿಗೆಗೆ ಹೋಗುತ್ತಿದ್ದೆ. ಸೋಮವಾರ, ಶುಕ್ರವಾರ ಪೂಜೆ ಉದ್ದ. ಆ ಹೊತ್ತಿನಲ್ಲಿ ದೇವರೇ ಮಷೀನು ನೋಡಿಕೊಳ್ಳುತ್ತಾನೆ ಎಂದು ನನ್ನ ನಂಬಿಕೆ. ಇನ್ನೊಂದು ಸಂತೋಷದ ವಿಷಯವೆಂದರೆ, ಇತ್ತೀಚೆಗೆ ಆ ಎರಡು ದಿನ ಬಚ್ಚಲಲ್ಲಿ ನನಗೆ ಬಿಸಿನೀರು ಇರುತ್ತಿತ್ತು. ಹೆಂಡತಿಯ ಮನಸ್ಸು ಕರಗಿದೆ ಎಂದುಕೊಂಡೆ. ಬಿಸಿನೀರು ಸಿಕ್ಕಿದಾಗ ಎಲ್ಲಿಂದ ಬಂತು ಎಂದು ಕೇಳುವವನು ಸಂಸಾರಸ್ಥನಲ್ಲ.

ಸಾರ್ ಒಂದು ಪರೀಕ್ಷೆ ಹೂಡಿದರು. "ಈ ಸೋಮವಾರ ಒಂದು ದಿನ ಪೂಜೆ ಬಿಟ್ಟು ಮಷೀನಿನ ಮುಂದೇ ಕೂತಿರಿ. ಎಣ್ಣೆ ಚೆನ್ನಾಗಿ ಬಂದ್ರೆ ಪೂಜೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಆಯ್ತಲ್ಲ."

ನನಗೆ ಮನಸ್ಸಿರಲಿಲ್ಲ. ಮಾದಪ್ಪನಿಗೆ ತಪ್ಪು ಕಾಣಿಕೆ ಎತ್ತಿಟ್ಟು, ನಸುಕಿನಿಂದ ಕೊಟ್ಟಿಗೆಯಲ್ಲೇ ಕಂಬದ ಹಾಗೆ ಕೂತೆ. ಬಂದ ಎಣ್ಣೆ ತಾರಿನಂತಿತ್ತು! ಅಂದು ಮನೆಗೆ ಹೋದರೆ ಬಚ್ಚಲ ನೀರೂ ತಣ್ಣಗಿತ್ತು. ದೇವರು ಮುನಿದರೆ ಎಲ್ಲ ಕಡೆಯಿಂದಲೂ ಮುನಿಯುತ್ತಾನೆ ಎಂದುಕೊಂಡೆ.

ಸಾರ್ ಆ ಕ್ಯಾನನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಅಷ್ಟು ಓದಿದವರ ಮುಖದಲ್ಲಿ ಅಂಥ ಗೊಂದಲ ನಾನು ಹಿಂದೆ ಕಂಡಿರಲಿಲ್ಲ. ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಯಾರಿಗೂ ಕೇಳಿಸದ ಹಾಗೆ ಹೇಳಿದರು: "ಶುಕ್ರವಾರ ಪೂಜೆ ಬಿಡಬೇಡಿ ಯಜಮಾನ್ರೆ. ನನ್ನ ಹೆಸರಲ್ಲೂ ಒಂದು ಕಾಯಿ ಒಡೀರಿ."

ರಿಬ್ಬನ್ನಿನ ಆಚೆ

ಕೊನೆಗೆ ಆ ದಿನ ಬಂತು. ಮೇಲಿನ ಅಧಿಕಾರಿಯೊಬ್ಬರು, ಒಬ್ಬ ಅಮ್ಮ, ಮಷೀನು ನೋಡಲು ಬರುತ್ತಾರೆ ಎಂದಾಯಿತು. ಮಿಲ್ಲಿನ ಯಜಮಾನ ಖಡಾಖಂಡಿತವಾಗಿ ಹೇಳಿದ್ದ: "ಅಂದು ನಮ್ಮ ಕಣ್ಮುಂದೆ ಬಂದ ಎಣ್ಣೆ ಡೀಸೆಲ್‌ಗೆ ಬೆರ್ಸಿ ಆಕಿ, ಇಂಜಿನ್ ಓಡುದ್ರೆ ಸರಿ. ಇಲ್ದಿದ್ರೆ ಈ ಸವಾಸವೇ ಬ್ಯಾಡ ಕಣಣ್ಣ." ಓಡದಿದ್ದರೆ ಮಷೀನನ್ನು ಬಿಚ್ಚಿ ಲಾರಿಗೇರಿಸಿ ಬೇರೆ ತಾಲೂಕಿಗೆ ಒಯ್ಯುವುದೆಂದು ಸಾರ್‌ಗೂ ಅಪ್ಪಣೆಯಾಗಿತ್ತು. ಅರಳಿಕಟ್ಟೆಯ ಮೇಲೆ ನಾನು ಮಾದಪ್ಪನ ಮೇಲೆ ಇಟ್ಟ ಆಣೆ ಎಲ್ಲರಿಗೂ ನೆನಪಿತ್ತು. ನನಗಂತೂ ಪ್ರತಿ ಚೊಂಬು ತಣ್ಣೀರಿಗೂ ನೆನಪಾಗುತ್ತಿತ್ತು.

"ಯಾವ ದಿನ ಇಟ್ಟುಕೊಳ್ಳೋಣ?" ಎಂದು ಸಾರ್ ಕೇಳಿದರು.

"ಸೋಮವಾರ."

ವಿಜ್ಞಾನಕ್ಕೆ ವಾರ ಇಲ್ಲ ಎಂದು ಅವರು ಈ ಸಲ ಹೇಳಲಿಲ್ಲ. "ಸೋಮವಾರವೇ ಇರಲಿ" ಎಂದರು.

ಕೊಟ್ಟಿಗೆಗೆ ಸುಣ್ಣ ಬಳಿದು ಮಾವಿನ ತೋರಣ ಕಟ್ಟಿದೆವು. ಜನ ನುಗ್ಗಬಾರದೆಂದು ಮಷೀನು, ತೊಟ್ಟಿ, ಬಾವಿಕಟ್ಟೆ ಎಲ್ಲ ಸೇರಿಸಿ ಸುತ್ತಲೂ ಕೆಂಪು ರಿಬ್ಬನ್ನು ಎಳೆದರು. ಸಾರ್ ಹೊಚ್ಚ ಹೊಸ ಮಣಿ ತುಂಬಿದರು. ನಾನು ಉಪವಾಸವಿದ್ದೆ. ಯಾಕೋ ಅಂದು ಬಚ್ಚಲಲ್ಲಿ ಬಿಸಿನೀರು ಇರಲಿಲ್ಲ, ಇದೂ ವ್ರತವೇ ಎಂದು ತಣ್ಣೀರಲ್ಲೇ ಮಿಂದು, ಎಂದಿಗಿಂತ ಉದ್ದ ಪೂಜೆ ಮಾಡಿ ಬಂದೆ. ಅಧಿಕಾರಿ ಅಮ್ಮ ಬಂದು ಕುರ್ಚಿಯಲ್ಲಿ ಕೂತರು. ಊರೇ ನೆರೆದಿತ್ತು. ಎಲ್ಲರ ಕಣ್ಣೂ ಕೊಳಾಯಿಯ ಬಾಯಿಯ ಮೇಲೆ.

ಒಲೆ ಭುಗಿಲೆಂದಿತು. ಕೊಳಾಯಿಯಿಂದ ಒಂದು ತೊಟ್ಟು ಇಳಿಯಿತು. ಕಪ್ಪು ತೊಟ್ಟು. ಬಹಳ ಹೊತ್ತಿನ ಮೇಲೆ ಇನ್ನೊಂದು.

ಸಾರ್ ನನ್ನ ಕಿವಿಯ ಹತ್ತಿರ ಬಂದು, "ಪೂಜೆ ಮಾಡಿದ್ರಾ?" ಎಂದರು.

"ಮಾಡ್ದೆ ಸಾರ್. ನೀವು ಕ್ಯಾಟಲಿಸ್ಟು ಹಾಕಿದ್ರಾ?"

"ಹಾಕಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಅವರ ವಿಜ್ಞಾನವೂ ಕೈಬಿಟ್ಟಿತ್ತು, ನನ್ನ ದೇವರೂ ಕೈಬಿಟ್ಟಿದ್ದ. ಮಿಲ್ಲಿನ ಯಜಮಾನ ಆಗಲೇ ಎದ್ದು ಪಂಚೆ ಕೊಡವಿಕೊಳ್ಳುತ್ತಿದ್ದ.

ಅಧಿಕಾರಿ ಅಮ್ಮನಿಗೂ ಬೇಸರವಾಗಿರಬೇಕು, ಅತ್ತಿತ್ತ ನೋಡಿದರು. ರಿಬ್ಬನ್ನಿನ ಆಚೆ ನಮ್ಮೂರ ಹೆಂಗಸರು ಒಬ್ಬೊಬ್ಬರು ಒಂದೊಂದು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ನಮ್ಮ ಮನೆಯಾಕೆ. "ಅಯ್ಯೋ, ಪೂರ್ಣಕುಂಭದ ಸ್ವಾಗತ ಇಟ್ಟಿದ್ರಾ? ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದು ಅಮ್ಮ ಎದ್ದು ಕೈ ಮುಗಿದುಕೊಂಡು ಹೋದರು. ಹತ್ತಿರ ಹೋಗಿ ಕೊಡದೊಳಗೆ ಇಣುಕಿದರು.

"ಖಾಲಿ ಇದೆಯಲ್ಲಮ್ಮ!"

"ಊ ತಾಯಿ," ಎಂದಳು ನಮ್ಮಾಕೆ. "ಬಿಸ್ನೀರ್ಗೆ ಬಂದೊ. ಈ ರಿಬ್ಬನ್ನು ಯಾವಾಗ ಬಿಚ್ಚೀರಿ? ಸ್ವಾಮಾರ, ಒಬ್ರೂ ಇನ್ನೂವ ತಲ ಮೇಲ ನೀರ್ ಉಯ್ಕಂಡಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಇದೇನ್ ಮಾತಾಡ್ತಿದ್ದೀಯ? ಬಿಸಿನೀರು ಇಲ್ಲೆಲ್ಲಿ ಅದೆ?" ಎಂದೆ.

"ಅಗೋ, ಆ ತೊಟ್ಟೀಲಿ ಕುದೀತಾ ಅದಲ್ಲ, ಕಾಣಲ್ವಾ? ನಮ್ಮ ದಿಂಡ್ನೆಲ್ಲ ತಂದು ನೀವಿಲ್ಲಿ ಉರುದ್ರೆ ನಾವೇನ್ ಮಾಡ್ಬೇಕು? ನೀವು ಅಸ ಕರ್ಯಾಗ ನಾನೊಂದು ಕೊಡ ತತ್ತೀನಿ, ಪೂಜ್ಗ ಕುಂತಾಗ ಎಲ್ರೂ ಬಂದು ತಗಂಡೋಯ್ತೀವಿ. ಅಂಗೇ ಬಾವೀಲಿ ಸೇದಿ ತಣ್ಣೀರು ತುಂಬ್ಸೇ ಓಯ್ತೀವಿ, ಬರೀದು ಮಾಡಿ ಓಗಲ್ಲ. ಸ್ವಾಮಾರ, ಸುಕ್ರಾರ ಎರಡೇ ದಿನ. ಮಷೀನ್ ತಾವ ಯಾರೂ ಬರ್ಬಾರ್ದು ಅಂದಿದ್ರಿ, ಅದ್ಕೇ ಏಳ್ನಿಲ್ಲ."

ಅಮ್ಮ ಗಟ್ಟಿಯಾಗಿ ನಕ್ಕು, ತಾವೇ ರಿಬ್ಬನ್ನು ಎತ್ತಿ ಹಿಡಿದರು. "ಮೊದಲು ಇವರ ಸ್ನಾನ ಆಗಲಿ ಕಣ್ರೀ."

ಹೆಂಗಸರು ನುಗ್ಗಿದರು. ಹಬೆಯಾಡುತ್ತಿದ್ದ ನೀರನ್ನು ಕೊಡಕ್ಕೆ ಮೊಗೆದು, ಬಾವಿಯಿಂದ ಸೇದಿ ಸೇದಿ ತೊಟ್ಟಿಗೆ ತಣ್ಣೀರು ಸುರಿದರು. "ಅಯ್ಯೋ, ಬೇಡ" ಎಂದು ಕೈ ಎತ್ತಿದ ಸಾರ್ ಹಾಗೇ ನಿಂತುಬಿಟ್ಟರು. ಕೊಳಾಯಿಯ ಬಾಯಲ್ಲಿ ತೊಟ್ಟು ನಿಂತು, ಜೇನಿನ ಬಣ್ಣದ ಸಣ್ಣ ಧಾರೆಯೊಂದು ಇಳಿಯತೊಡಗಿತು.

ಸಾರ್ ತೊಟ್ಟಿಯ ನೀರಿಗೆ ಕೈ ಅದ್ದಿ ನೋಡಿ, ಆಮೇಲೆ ನನಗೆ ಬಿಡಿಸಿ ಹೇಳಿದರು. ಮಣಿ ತನ್ನ ಕೆಲಸವನ್ನು ದಿನಾ ಮಾಡುತ್ತಲೇ ಇತ್ತಂತೆ. ಅದು ಹೊಗೆಯನ್ನು ಹಗುರ ಮಾಡುತ್ತಿತ್ತು, ಆ ಹಗುರ ಎಣ್ಣೆ ಇಳಿಯಬೇಕಾದರೆ ತೊಟ್ಟಿಯ ನೀರು ತಣ್ಣಗಿರಬೇಕು. ಕಾದ ನೀರಿದ್ದ ದಿನ ಅದೆಲ್ಲ ಗ್ಯಾಸಾಗಿ ಒಲೆಗೆ ಹೋಗಿ ಉರಿದುಹೋಗುತ್ತಿತ್ತು, ಮಂದವಾದದ್ದು ಮಾತ್ರ ನಮಗೆ ಸಿಗುತ್ತಿತ್ತು. ನಾನು ಪೂಜೆ ಬಿಟ್ಟು ಮಷೀನು ಕಾದ ದಿನ ಯಾರೂ ನೀರಿಗೆ ಬಂದಿರಲಿಲ್ಲ.

ಆ ಎಣ್ಣೆಯನ್ನು ಡೀಸೆಲಿಗೆ ಬೆರೆಸಿ ಮಿಲ್ಲಿನ ಇಂಜಿನ್ನಿಗೆ ಸುರಿದರು. ಯಜಮಾನ ಹ್ಯಾಂಡಲು ತಿರುಗಿಸಿದ. ಕೆಮ್ಮಿತು. ಮತ್ತೆ ತಿರುಗಿಸಿದ. ಟುಕ್ ಟುಕ್ ಟುಕ್ ಎಂದು ಹಿಡಿದುಕೊಂಡಿತು. ಯಾರದೋ ಮನೆಯ ರಾಗಿ ಹಿಟ್ಟಾಗಿ ಬೀಳುತ್ತಿದ್ದುದನ್ನು ಕಂಡು ನಾನು ಅಲ್ಲೇ ಮಾದಪ್ಪನಿಗೆ ಕೈ ಮುಗಿದೆ.

ಅಧಿಕಾರಿ ಅಮ್ಮ ನಮ್ಮಾಕೆಯ ಕೈ ಹಿಡಿದು, "ಇಷ್ಟು ಓದಿದವರ ಕೈಲಿ ಆಗದೇ ಇದ್ದದ್ದನ್ನ ಮಾಡಿದ್ರಲ್ಲಮ್ಮ" ಎಂದರು.

"ನಾವೇನ್ ಮಾಡ್ದೊ ತಾಯಿ? ಮೀಯಕ್ಕ ನೀರ್ ತಗಂಡೊ, ಅಷ್ಟೇಯ" ಎಂದು ಕೊಡ ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದಳು.

ನನಗೆ ಒಂದು ಅನುಮಾನ ಉಳಿದಿತ್ತು. "ಹಾಗಾದ್ರೆ ಸಾರ್, ನನ್ನ ಪೂಜೆಯಿಂದ ಏನೂ ಆಗ್ಲಿಲ್ಲ ಅನ್ನಿ."

"ಹಾಗೆ ಹೇಳೋಕ್ಕಾಗಲ್ಲ" ಎಂದರು ಸಾರ್, ಬಹಳ ಯೋಚಿಸಿ. "ನೀವು ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂರದೇ ಹೋಗಿದ್ರೆ ಇದು ನಡೀತಾನೇ ಇರಲಿಲ್ಲ."

ಮಾರನೆಯ ದಿನ ಮಂಗಳವಾರ. ಬಚ್ಚಲಿಗೆ ಹೋದರೆ ಹಂಡೆ ತುಂಬ ಬಿಸಿನೀರು ಹಬೆಯಾಡುತ್ತಿತ್ತು. ಮಿಲ್ಲು ಓಡಿತಲ್ಲ, ಮಾತು ಉಳಿಸಿಕೊಂಡಿದ್ದಾಳೆ ಎಂದು ಹಿಗ್ಗಿನಿಂದ ಎರಡು ಚೊಂಬು ಸುರಿದುಕೊಂಡೆ. ಬಾಗಿಲಾಚೆಯಿಂದ ಅವಳ ದನಿ ಕೇಳಿತು:

"ಕೇಳುಸ್ತಾ? ಇನ್ಮ್ಯಾಕ ದಿನಾಲೂ ಸ್ವಾಮಾರದಂಗೇ ಉದ್ದುಕ್ಕ ಪೂಜ ಮಾಡ್ಬೇಕಂತ ನೀವು. ಊರ ಎಂಗುಸ್ರೂ ಏಳವ್ರೆ, ಆ ಸಾರೂ ಏಳವ್ರೆ. ನೀವು ಮಷೀನ್ ತಾವ ಇಲ್ದಿದ್ರೇನೇ ಎಣ್ಣ ಚೆಂದಾಗಿ ಬತ್ತದಂತ."